ಹಿಂದಿನ ಸೀಟು

ನೆನೆಸಿದ ಅವರೆಕಾಳು ಇನ್ನೂ ಅರ್ಧ ಪಾತ್ರೆಯಷ್ಟು ಉಳಿದಿತ್ತು. ಕಮಲ ಒಂದೊಂದೇ ಕಾಳನ್ನು ಬೆರಳ ನಡುವೆ ಹಿಡಿದು ಹಿತುಕುತ್ತಿದ್ದಳು. ಬೇಳೆ ತಟ್ಟೆಗೆ ಜಾರುತ್ತಿತ್ತು, ಸಿಪ್ಪೆ ಬೆರಳಿಗೇ ಅಂಟಿಕೊಳ್ಳುತ್ತಿತ್ತು. ಎದುರಿಗೆ ಕೂತ ಮಗಳು ಪಂಕಜಾ ಹಿತುಕಿದ ಬೇಳೆಯಲ್ಲಿ ಅರ್ಧದಷ್ಟು ಅಂಗಳಕ್ಕೆ ಹಾರಿಹೋಗುತ್ತಿತ್ತು. ಇದನ್ನು ಮುಗಿಸಿ, ಮಗಳಿಗೆ ಎರಡು ಜಡೆ ಹಾಕಿ ಸ್ಕೂಲಿಗೆ ಕಳಿಸಿದರೆ ಮಧ್ಯಾಹ್ನದವರೆಗೆ ಹೊಲಿಗೆಗೆ ಕೂರಬಹುದು ಎಂದು ಕಮಲ ಲೆಕ್ಕ ಹಾಕುತ್ತಿದ್ದಾಗ ಕನಕಪುರ ರಸ್ತೆಯ ಕಡೆಯಿಂದ ಬಂದ ಜಟಕಾ ಬೇಲಿಯ ಹತ್ತಿರ ನಿಂತಿತು.

ಮೊದಲು ಇಳಿದವನು ಕೊಟ್ರಪ್ಪ. ಇಳಿದವನು ತಿರುಗಿ ಎರಡೂ ಕೈ ಚಾಚಿದ. ಆ ಕೈಗಳನ್ನು ಹಿಡಿದು ಉಮಾ ಒಂದೊಂದೇ ಹೆಜ್ಜೆ ಇಟ್ಟು ಇಳಿದಳು. ನೆಲಕ್ಕೆ ಕಾಲಿಟ್ಟ ಮೇಲೆ ಬಲಗೈಯನ್ನು ಸೊಂಟದ ಹಿಂದೆ ಇಟ್ಟು ಒಂದು ಕ್ಷಣ ಹಾಗೇ ನಿಂತಳು. ಯಾರೂ ಏನೂ ಹೇಳುವ ಮೊದಲೇ ಕಮಲಳಿಗೆ ಗೊತ್ತಾಗಿಹೋಯಿತು.

ಉಮಾ ಅವಳ ಚಿಕ್ಕಪ್ಪನ ಮಗಳು. ತಿಪಟೂರಿನಲ್ಲಿ ಒಂದೇ ಮನೆಯಲ್ಲಿ, ಒಂದೇ ಅಜ್ಜಿಯ ಕೈತುತ್ತಿನಲ್ಲಿ ಬೆಳೆದವರು. ಖರ್ಚು ಉಳಿಯಲಿ ಎಂದು ಹಿರಿಯರು ಇಬ್ಬರ ಮದುವೆಯನ್ನೂ ಒಂದೇ ಚಪ್ಪರದಲ್ಲಿ ಮಾಡಿದ್ದರು. ಇಬ್ಬರಿಗೂ ಒಂದೇ ಮಗ್ಗದಿಂದ ಇಳಿದ ಜೋಡಿ ಸೀರೆ, ಇಬ್ಬರ ಗಂಡಂದಿರಿಗೂ ಒಂದೇ ಅಂಚಿನ ಪಂಚೆ. ಒಂದು ಚಪ್ಪರದಲ್ಲಿ ಎರಡು ಮದುವೆ ಬೇಡ, ಒಬ್ಬರದು ಏರಿದರೆ ಇನ್ನೊಬ್ಬರದು ಇಳಿಯುತ್ತದೆ ಎಂದು ಊರಿನವರು ಅಂದಾಗ ಕಮಲ ನಕ್ಕಿದ್ದಳು. ಹನ್ನೊಂದು ವರ್ಷದಲ್ಲಿ ಉಮಾಳ ಗಂಡ ಕೊಟ್ರಪ್ಪನ ಕೊಬ್ಬರಿ ವ್ಯಾಪಾರ ಪೇಟೆಯಲ್ಲಿ ಮಂಡಿಯಾಗಿತ್ತು, ಜಯನಗರದಲ್ಲಿ ತಾರಸಿ ಮನೆಯಾಗಿತ್ತು. ಕಮಲಳ ಗಂಡ ಗುರುಶಾಂತಪ್ಪ ಜರಗನಹಳ್ಳಿಯಲ್ಲಿ ಸೊಣ್ಣಮ್ಮನವರ ಹಿತ್ತಲಿನ ಶೆಡ್ಡು ಬಾಡಿಗೆಗೆ ಹಿಡಿದು ಕಾರಿನ ಸೀಟುಗಳಿಗೆ ಸ್ಪ್ರಿಂಗು, ನಾರು ತುಂಬಿ ಹೊದಿಕೆ ಹಾಕುತ್ತಿದ್ದ. ಹೊಲಿಗೆಯೆಲ್ಲ ಕಮಲಳದು. ತೊಗಲು ಮುಟ್ಟುವ ಕಸುಬು ಎಂದು ನೆಂಟರಲ್ಲಿ ಕೆಲವರು ಈ ಮನೆಯ ನೀರು ಕುಡಿಯುವುದನ್ನು ಮೆಲ್ಲಗೆ ಬಿಟ್ಟಿದ್ದರು. ಉಮಾ ಮಾತ್ರ ಬಂದಾಗಲೆಲ್ಲ ತಾನೇ ಒಳಗೆ ಹೋಗಿ, ಬಿಂದಿಗೆಯಿಂದ ಬಗ್ಗಿಸಿಕೊಂಡು ಕುಡಿಯುವಳು.

ಇವತ್ತೂ ಹಾಗೇ ಕುಡಿದು ಬಂದು, ಮಣೆ ಎಳೆದುಕೊಂಡು ಪಕ್ಕದಲ್ಲಿ ಕೂತು, ಕಮಲಳ ಕಿವಿಯ ಹತ್ತಿರ ಬಾಗಿ ಹೇಳಿದಳು.

"ಐದು ತಿಂಗಳು ಅಕ್ಕ. ಯಾರಿಗೂ ಹೇಳಿಲ್ಲ. ನಿಂಗೇ ಮೊದ್ಲು."

ಕಮಲ ಅವಳ ಕೆನ್ನೆ ಸವರಿದಳು. ಅವರೆಸಿಪ್ಪೆಯೊಂದು ಆ ಕೆನ್ನೆಯ ಮೇಲೆ ಉಳಿಯಿತು. ಒಳ್ಳೆಯದಾಯಿತು ಎಂದಳು, ಶಿವ ಕಣ್ಣು ಬಿಟ್ಟ ಎಂದಳು. ಬಾಯಿ ಆಡುತ್ತಿದ್ದಾಗಲೇ ಎದೆಯೊಳಗೆ ಏನೋ ಸಣ್ಣಗೆ ಕಿತ್ತುಹೋದಂತಾಯಿತು. ಮನೆ, ಒಡವೆ, ಆಳುಕಾಳು ಎಲ್ಲವನ್ನೂ ಅವಳು ಇಷ್ಟು ವರ್ಷ ಸಹಿಸಿದ್ದಳು. ಸಹಿಸಲು ಒಂದು ಕಾರಣವಿತ್ತು. ಹಬ್ಬದ ದಿನ ಉಮಾ ಪಂಕಜಾಳನ್ನು ಮಡಿಲಲ್ಲಿ ಕೂರಿಸಿಕೊಂಡು ತಲೆ ಬಾಚುವಾಗ, ಜಡೆ ಮುಗಿದ ಮೇಲೂ ಬಿಡದೆ ಹಾಗೇ ಕೂತಿರುವಾಗ, ಕಮಲ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುವಳು. ತನ್ನ ಬಳಿ ಇದ್ದು ಅವಳ ಬಳಿ ಇಲ್ಲದ್ದು ಅದೊಂದೇ ಆಗಿತ್ತು. ಈಗ ಅದೂ ಇಲ್ಲ.

ಕೊಟ್ರಪ್ಪ ಜಗಲಿಯ ಮೇಲೆ ಕೂತು ಜೇಬಿನಿಂದ ಒಂದು ಚೀಟಿ ತೆಗೆದ. ಡಾಕ್ಟರಮ್ಮ ಇನ್ನು ಮೇಲೆ ಜಟಕಾ, ಬಸ್ಸು ಎರಡೂ ಬೇಡ ಅಂದಿದ್ದಾರಂತೆ. ಏಳನೇ ತಿಂಗಳಲ್ಲಿ ಉಮಾಳನ್ನು ಬಾಣಂತನಕ್ಕೆ ತಿಪಟೂರಿಗೆ ಕರೆದುಕೊಂಡು ಹೋಗಬೇಕು. ಅವನಿಗೂ ವಾರಕ್ಕೊಂದು ಸಲ ಅಲ್ಲಿನ ಸಂತೆಗೆ ಓಡಾಟ. ಅದಕ್ಕೇ ಕಾರು ತೆಗೆದುಕೊಳ್ಳುವುದೆಂದು ತೀರ್ಮಾನವಾಗಿತ್ತು. ಊರು ಬಿಟ್ಟು ಹೊರಟಿದ್ದ ಇಂಗ್ಲಿಷ್ ದೊರೆಯೊಬ್ಬರದು ಒಂದು ರೋವರ್ ಇತ್ತು. ತೀರಿಹೋದ ಎಸ್ಟೇಟ್ ಮಾಲೀಕರೊಬ್ಬರ ಮನೆಯಲ್ಲಿ ಒಂದು ಹಂಬರ್ ಇತ್ತು. ಎರಡೂ ವಿಲಾಯಿತಿ ಗಾಡಿ, ಬೆಲೆ ಹೆಚ್ಚು ಕಡಿಮೆ ಒಂದೇ. ಶನಿವಾರದೊಳಗೆ ಹೇಳದಿದ್ದರೆ ಎರಡೂ ಬೇರೆಯವರ ಪಾಲು. ಗುರುಶಾಂತಪ್ಪನನ್ನು ಕೇಳೋಣವೆಂದು ಬಂದರೆ ಅವನು ಬಸ್ಸುಗಳ ಸೀಟಿನ ಕೆಲಸಕ್ಕೆಂದು ಮಂಡ್ಯಕ್ಕೆ ಹೋಗಿದ್ದಾನೆ, ಭಾನುವಾರದವರೆಗೆ ಬರುವುದಿಲ್ಲ.

"ಕೊಬ್ಬರಿ ಆಗಿದ್ರೆ ಕಾಯಿ ಅಲ್ಲಾಡ್ಸಿ ಹೇಳ್ಬಿಡ್ತಿದ್ದೆ ಅತ್ತಿಗೆ," ಎಂದ ಕೊಟ್ರಪ್ಪ. "ಕಾರನ್ನ ಹೆಂಗೆ ಅಲ್ಲಾಡ್ಸೋದು?"

"ಅವರಿಲ್ದಿದ್ರೆ ಏನಾಯ್ತು," ಎಂದಳು ಉಮಾ. "ಎರಡೂ ಕಾರಿನ ಸೀಟು ಅಕ್ಕನ ಕೈಯಲ್ಲೇ ಆಗಿರೋದು. ಅಕ್ಕ ಹೇಳ್ಲಿ."

ಅದು ನಿಜವೇ ಆಗಿತ್ತು. ಪೇಟೆಯ ಗ್ಯಾರೇಜಿನವರು ದೊಡ್ಡ ಕಾರುಗಳನ್ನು ಇಲ್ಲಿಗೇ ಕಳಿಸುತ್ತಿದ್ದರು. ಉಳಿದವರು ಕಾರನ್ನು ಹೊರಗಿನಿಂದ ನೋಡಿದರೆ ಈ ಮನೆಯವರು ಸೀಟು ಕಿತ್ತು ಅದರ ಅಡಿ ನೋಡುವವರು. ಕಳೆದ ಮಳೆಗಾಲದಲ್ಲಿ ಹಂಬರ್ ವಾರಗಟ್ಟಲೆ ಇದೇ ಅಂಗಳದಲ್ಲಿ ನಿಂತಿತ್ತು. ಅದರ ಸೀಟು ಅಗಲ, ಮೆತ್ತಗೆ, ಕೂತರೆ ಒಳಕ್ಕೆ ಎಳೆದುಕೊಳ್ಳುವಂಥದ್ದು. ಹಿಂದಿನ ಸೀಟನ್ನು ಎತ್ತಿದ ದಿನ ಮಾತ್ರ ಗುರುಶಾಂತಪ್ಪ ಬಹಳ ಹೊತ್ತು ಬಗ್ಗಿ ನೋಡಿದ್ದ. ತಳದ ತಗಡು ನೀರು ಕುಡಿದು ಕುಡಿದು ತಿಂದುಹೋಗಿತ್ತು. ಯಾರೋ ಗೋಣಿಗೆ ಟಾರು ಬಳಿದು ಮುಚ್ಚಿದ್ದರು. ಗೋಣಿ ಸರಿಸಿದರೆ ಅಂಗಳದ ಹುಲ್ಲು ಕಾಣುತ್ತಿತ್ತು. ಪಂಕಜಾ ಆ ತೂತಿನಲ್ಲಿ ಮೊಣಕೈವರೆಗೆ ಕೈ ಇಳಿಸಿ ನಕ್ಕಿದ್ದಳು. ಸೀಟು ಹೊತ್ತ ಪಟ್ಟಿಯೂ ಗೆದ್ದಲು ಹಿಡಿದ ತೊಲೆಯ ಹಾಗೆ ಉದುರುತ್ತಿತ್ತು. ಗುರುಶಾಂತಪ್ಪ ಹೇಳಿದಾಗ ಮಾಲೀಕರ ಕಡೆಯ ಡ್ರೈವರು, ಕಾಣದ ಹಾಗೆ ಸೀಟು ಕೂರಿಸಿ ಸಾಕು ಅಂದಿದ್ದ. ಆ ದಿನ ಊಟಕ್ಕೆ ಕೂತಾಗ ಗುರುಶಾಂತಪ್ಪ ಹೇಳಿದ ಮಾತು ಕಮಲಳಿಗೆ ಚೆನ್ನಾಗಿ ನೆನಪಿತ್ತು. ಇದನ್ನು ಕೊಂಡವನು ಕಾರಿಗೆ ಕೊಟ್ಟಷ್ಟನ್ನೇ ರಿಪೇರಿಗೂ ಕೊಡುತ್ತಾನೆ, ದೊಡ್ಡ ಗುಂಡಿಗೆ ಇಳಿದ ದಿನ ಹಿಂದೆ ಕೂತವರು ಸೀಟು ಸಮೇತ ರಸ್ತೆಗೆ ಬರುತ್ತಾರೆ, ಎಂದಿದ್ದ.

ರೋವರ್ ಬಂದದ್ದು ಕಾರ್ತಿಕದಲ್ಲಿ. ಹಸಿರು ಬಣ್ಣ, ಒಳಗೆಲ್ಲ ಅಕ್ರೋಟಿನ ಮರದ ಹಲಗೆ, ಮುಂದುಗಡೆ ಎರಡು ದೀಪದ ನಡುವೆ ಮೂರನೆಯದೊಂದು ಪುಟ್ಟ ದೀಪ. ತಳ ಹೊಸ ಬಾಣಲೆಯ ಹಾಗೆ ಗಟ್ಟಿ. ಸೀಟು ಹಂಬರಿನಷ್ಟು ಮೆತ್ತಗಿರಲಿಲ್ಲ, ಆದರೆ ಬೆನ್ನನ್ನು ಹಿಡಿದು ಕೂರಿಸುತ್ತಿತ್ತು. ಹರಿದ ಹೊಲಿಗೆಗಳನ್ನು ಬಿಚ್ಚಿ, ಹಳೆಯ ತೂತಿನಲ್ಲೇ ಸೂಜಿ ಹೋಗುವ ಹಾಗೆ ಒಂದೊಂದೇ ಹೊಲಿಗೆ ಹಾಕಲು ಕಮಲಳಿಗೆ ಮೂರು ವಾರ ಹಿಡಿದಿತ್ತು. ಸಂಜೆ ಕೆಲಸ ಮುಗಿದ ಮೇಲೆ ಶೆಡ್ಡಿನೊಳಗೆ ತಾಯಿ ಮಗಳಿಬ್ಬರೂ ಆ ಹಿಂದಿನ ಸೀಟಿನ ಮೇಲೆ ಕೂತುಕೊಳ್ಳುವರು. ಎಲ್ಲಿಗೆ ಹೋಗೋಣ ಎಂದು ಪಂಕಜಾ ಕೇಳುವಳು. ಒಂದು ದಿನ ನಂಜನಗೂಡು, ಒಂದು ದಿನ ಶಿವಗಂಗೆ. ಕಾರು ಹೊರಟುಹೋದ ದಿನ ಕಮಲಳಿಗೆ ಊಟ ಸೇರಿರಲಿಲ್ಲ.

ಅದರಲ್ಲಿ ಈಗ ಉಮಾ ಕೂರುತ್ತಾಳೆ, ಮಗುವನ್ನು ಎತ್ತಿಕೊಂಡು.

ಕೊಟ್ರಪ್ಪ ಚೀಟಿ ನೋಡಿ ಓದುತ್ತಿದ್ದ. ಹಂಬರ್ ಗ್ಯಾಲನ್ನಿಗೆ ಹದಿನಾಲ್ಕು ಮೈಲಿ, ರೋವರ್ ಇಪ್ಪತ್ತೆರಡು. ತಿಪಟೂರಿಗೆ ಹೋಗಿಬರಲು ಒಂದಕ್ಕೆ ಹದಿಮೂರು ಗ್ಯಾಲನ್ ಬೇಕಾದರೆ ಇನ್ನೊಂದಕ್ಕೆ ಎಂಟು ಸಾಕು. ಹಂಬರಿನ ಟೈರೂ ದೊಡ್ಡದು, ದುಬಾರಿ. ಬಿಡಿ ಸಾಮಾನು ಎರಡಕ್ಕೂ ಬೊಂಬಾಯಿಯಿಂದಲೇ ಬರಬೇಕು, ಈಗ ಆಮದಿನ ಲೈಸೆನ್ಸು ಬಿಗಿಯಾಗಿ ತಿಂಗಳುಗಟ್ಟಲೆ ಕಾಯಬೇಕು. ಹೀಗೆ ನೋಡಿದರೆ ರೋವರೇ ವಾಸಿ ಅನ್ನಿಸುತ್ತದೆ, ಅತ್ತಿಗೆ ಏನು ಹೇಳುತ್ತಾರೋ, ಎಂದು ಅವನು ಮುಖ ಎತ್ತಿದ.

"ಮೈಲಿ ಎಲ್ಲಾ ನಂಗೊತ್ತಾಗಲ್ಲ ಅಕ್ಕ," ಎಂದಳು ಉಮಾ. "ಕೂತ್ಕೊಳ್ಳೋಕೆ ಯಾವ್ದು ಸುಖ, ಅದನ್ನ ಹೇಳು."

ಕಮಲ ಒಂದು ಕಾಳು ಹಿತುಕಿದಳು. ಹಂಬರಿನ ಸೀಟು ಮೆತ್ತಗಿದೆ ಎಂದಳು. ಅದು ಸುಳ್ಳಲ್ಲ. ರೋವರ್ ಸ್ವಲ್ಪ ಗಟ್ಟಿ ಎಂದಳು. ಅದೂ ಸುಳ್ಳಲ್ಲ. ಅಲ್ಲಿಗೆ ನಿಲ್ಲಿಸಬಹುದಿತ್ತು. ಉಮಾಳ ಕೈ ಹೊಟ್ಟೆಯ ಮೇಲೆ ಸುಮ್ಮನೆ ಹರಿದಾಡುತ್ತಿತ್ತು.

"ಆ ರೋವರಿಗೆ ಮುಂದೆ ಮೂರು ಕಣ್ಣಿದೆ, ನೋಡಿದ್ಯಾ?" ಎಂದಳು ಕಮಲ. "ಬಸುರಿ ಹೆಂಗಸು ತೆರೆದ ಮೂರನೇ ಕಣ್ಣಿನ ಎದುರಿಗೆ ನಿಲ್ಲಬಾರದು ಅಂತ ಅಜ್ಜಿ ಅಂತಿದ್ರು."

ಅಜ್ಜಿ ಹಾಗೆ ಎಂದೂ ಅಂದಿರಲಿಲ್ಲ. ಕಾರೆಂಬುದನ್ನೇ ಅವರು ಕಂಡವರಲ್ಲ. ಆದರೆ ಅಜ್ಜಿಯ ಕೊನೆಯ ದಿನಗಳಲ್ಲಿ ಹಾಸಿಗೆಯ ಪಕ್ಕ ಕೂತಿದ್ದವಳು ಕಮಲ. ಅವರ ಹೆಸರಿನಲ್ಲಿ ಅವಳು ಏನು ಹೇಳಿದರೂ ಉಮಾ ನಂಬುವಳು. ಉಮಾಳ ಕೈ ಹೊಟ್ಟೆಯ ಮೇಲೆ ನಿಂತಿತು.

"ಹಂಗಾದ್ರೆ ಅದು ಬೇಡವೇ ಬೇಡ," ಎಂದಳು ಗಂಡನ ಕಡೆ ತಿರುಗಿ.

ಕೊಟ್ರಪ್ಪ ಚೀಟಿಯನ್ನು ಇನ್ನೊಮ್ಮೆ ನೋಡಿ, ಗ್ಯಾಲನ್ ಲೆಕ್ಕ ಹೇಳಲು ಬಾಯಿ ತೆರೆದು, ಹೆಂಡತಿಯ ಮುಖ ನೋಡಿ ಮಡಿಸಿ ಜೇಬಿಗಿಟ್ಟ. ಹಂಬರಿನ ತಳ, ಇಂಜಿನ್ನು ಎಲ್ಲ ಸರಿಯಿದೆ ತಾನೆ ಎಂದು ಕೇಳಿದ. ಪಂಕಜಾ ಕಾಳು ಬಿಟ್ಟು ತಲೆಯೆತ್ತಿದಳು.

"ಅಮ್ಮಾ, ಆ ಕಾರು..."

"ಹೋಗು, ಚಿಕ್ಕಪ್ಪಂಗೆ ಮಜ್ಜಿಗೆ ತಗೊಂಡ್ಬಾ," ಎಂದಳು ಕಮಲ. ಮಗಳು ಎದ್ದುಹೋದ ಮೇಲೆ, ಇಂಜಿನ್ನು ತನಗೆ ಗೊತ್ತಾಗುವುದಿಲ್ಲ, ಸೀಟು ಮಾತ್ರ ತಾನೇ ಹೊಲಿದದ್ದು ಎಂದಳು. ಕೊಟ್ರಪ್ಪನಿಗೆ ಅಷ್ಟು ಸಾಕಾಯಿತು. ಅವನ ತಾಯಿ ಚರ್ಮದ ಮೇಲೆ ಕೂರುವವರಲ್ಲವಾದ್ದರಿಂದ ಬಿಳಿ ಬಟ್ಟೆಯ ಗವಸುಗಳನ್ನೂ ಅತ್ತಿಗೆಯೇ ಹೊಲಿದುಕೊಡಬೇಕು ಎಂದು ಹೇಳಿ ಇಬ್ಬರೂ ಹೊರಟರು.

ಜಟಕಾ ಕಣ್ಣಿಗೆ ಮರೆಯಾದ ಮೇಲೆ ಕಮಲ ಮಗಳ ತಲೆ ಬಾಚಲು ಕೂತಳು. ಅಮ್ಮ, ಒಂದು ಮಾತು ಕೇಳ್ಲಾ, ಎಂದಳು ಪಂಕಜಾ. ಹೊತ್ತಾಯ್ತು, ತಲೆ ಬಗ್ಗಿಸು, ಎಂದಳು ಕಮಲ. ಜಡೆ ಎಷ್ಟು ಬಿಗಿಯಾಯಿತೆಂದರೆ ಹುಡುಗಿಯ ಹುಬ್ಬು ಮೇಲಕ್ಕೆ ಎಳೆದುಕೊಂಡಿತು. ಆದರೂ ಅವಳು ಅಳಲಿಲ್ಲ, ಕೇಳಲೂ ಇಲ್ಲ. ಸಂಜೆ ಸ್ಕೂಲಿನಿಂದ ಬಂದವಳು ಶೆಡ್ಡಿನ ಬಾಗಿಲಲ್ಲಿ ನಿಂತು ತಾಯಿ ಮೆಷಿನ್ ತುಳಿಯುವುದನ್ನೇ ನೋಡುತ್ತಿದ್ದಳು. ಏನು ಎಂದರೆ ಏನಿಲ್ಲ ಎಂದಳು.

ಕಮಲ ಕೆಟ್ಟವಳಲ್ಲ. ನಾಳೆ ಹೇಳಿ ಕಳಿಸಿದರಾಯಿತು ಎಂದುಕೊಂಡಳು. ಸೊಣ್ಣಮ್ಮನ ಮೈದುನ ದಿನಾ ತರಕಾರಿ ಹೇರಿಕೊಂಡು ಜಯನಗರದ ಮೇಲೇ ಹೋಗುತ್ತಾನೆ, ಅವನ ಕೈಯಲ್ಲಿ ಒಂದು ಚೀಟಿ ಕೊಟ್ಟರೆ ಮುಗಿಯಿತು. ಚೀಟಿಯಲ್ಲಿ ಏನೆಂದು ಬರೆಯುವುದು? ಅಜ್ಜಿ ಹಾಗೆ ಅಂದಿರಲಿಲ್ಲ ಎಂದು ಬರೆಯುವುದೇ? ಬರೆಯದೆ ಎರಡು ದಿನ ಕಳೆಯಿತು.

ಗುರುವಾರ ಅವಳು ಹಿತುಕಿದ ಬೇಳೆಯ ಸಾರನ್ನು ಟಿಫಿನ್ ಕ್ಯಾರಿಯರಿನಲ್ಲಿ ತುಂಬಿಕೊಂಡು ಬನಶಂಕರಿ ಗುಡಿಯ ಮುಂದಿನಿಂದ ನಡೆದೇ ಜಯನಗರಕ್ಕೆ ಹೋದಳು. ಹೇಳಿಯೇ ಬರುವುದೆಂದು ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡಿದ್ದಳು. ಉಮಾ ಅವಳನ್ನು ಸೀದಾ ಒಳಕೋಣೆಗೆ ಕರೆದುಕೊಂಡು ಹೋದಳು. ಮಂಚದ ಮೇಲೆ ಮದುವೆಯ ಸೀರೆ ಹರಡಿತ್ತು, ಕತ್ತರಿ ಪಕ್ಕದಲ್ಲಿತ್ತು. ಮಗುವಿಗೆ ಕೌದಿ ಹೊಲಿಯಬೇಕಂತೆ, ಹಳೇ ರೇಷ್ಮೆ ಮೈಗೆ ಮೃದು ಅಂತೆ. ಎಲ್ಲಿಂದ ಕತ್ತರಿಸಲಿ ಅಕ್ಕ, ಎಂದು ಕೇಳಿದಳು. ಅದೇ ಮಗ್ಗದ, ಅದೇ ಅಂಚಿನ ತನ್ನ ಸೀರೆಯನ್ನು ಕಮಲ ಹೊಲಿಗೆ ಮೆಷಿನ್ ಕೊಳ್ಳುವ ವರ್ಷ ಜರಿಯ ಬೆಳ್ಳಿಯ ಬೆಲೆಗೆ ಮಾರಿದ್ದಳು. ಅದು ಉಮಾಳಿಗೆ ಗೊತ್ತಿರಲಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಕಮಲ ಸೆರಗಿನ ಕಡೆಯಿಂದ ಅಳತೆ ಹಿಡಿದು ತಾನೇ ಕತ್ತರಿಸಿಕೊಟ್ಟಳು. ರೇಷ್ಮೆ ಸಪ್ಪಳವಿಲ್ಲದೆ ಬಿಟ್ಟುಕೊಂಡಿತು. ಅತ್ತೆಗೂ ಮೂರು ಕಣ್ಣಿನ ವಿಷಯ ಹೇಳಿದೆ, ಹಿರಿಯರ ಮಾತು ಮೀರಬಾರದು ಅಂದರು, ಎಂದಳು ಉಮಾ. ನೀನು ಹೇಳದೆ ಇದ್ದಿದ್ದರೆ ನಾವು ಅದನ್ನೇ ತಂದುಬಿಡುತ್ತಿದ್ದೆವು, ಎಂದಳು.

ಕಮಲ ಖಾಲಿ ಕ್ಯಾರಿಯರು ಹಿಡಿದು ಮನೆಗೆ ಬಂದಳು.

ಶನಿವಾರ ಹತ್ತು ಗಂಟೆಗೆ ಹಂಬರ್ ಬಂತು. ಕಪ್ಪಗೆ, ಮಿರಿಮಿರಿ ಮಿಂಚುತ್ತ, ಬೇಲಿಯ ಒಳಗೆ ಬಾರದೆ ರಸ್ತೆಯ ಮೇಲೇ ನಿಂತಿತು. ಓಡಿಸಿಕೊಂಡು ಬಂದವನು ಮಾರುವವರ ಕಡೆಯ ಅದೇ ಡ್ರೈವರು. ಕಮಲಳನ್ನು ಕಂಡು ಅವನು ಕಾರಿನ ಗಾಜು ಒರೆಸಲು ತಿರುಗಿಕೊಂಡ. ಇಲ್ಲಿಂದ ಸೀದಾ ಮಾಲೀಕರ ಮನೆಗೆ ಹೋಗಿ ದುಡ್ಡು ಕೊಡುವುದು, ಕಾಗದಕ್ಕೆ ರುಜು ಹಾಕುವುದು, ಅಷ್ಟೇ ಬಾಕಿ ಎಂದ ಕೊಟ್ರಪ್ಪ. ಸೊಣ್ಣಮ್ಮ ಸೆಗಣಿಯ ಕೈಯಲ್ಲೇ ಬಂದು ಕಾರಿನ ಸುತ್ತ ಒಂದು ಪ್ರದಕ್ಷಿಣೆ ಹಾಕಿದಳು.

"ನಮ್ಮೆಮ್ಮೆಗಿಂತ ಅಗ್ಲವಾಗೈತೆ ಕಣಮ್ಮಿ," ಎಂದಳು. "ಇದ್ಕೆ ಮೇವು ಎಷ್ಟ್ ಬೇಕಾದಾತು?"

ಎಲ್ಲರೂ ನಕ್ಕರು. ಕಮಲ ತಟ್ಟೆಯಲ್ಲಿ ವಿಭೂತಿ, ಕುಂಕುಮ, ಹೂವು ಇಟ್ಟುಕೊಂಡು ಬಂದು ಕಾರಿನ ಹಣೆಗೆ ಹಚ್ಚಿದಳು, ಕರ್ಪೂರ ಬೆಳಗಿದಳು. ಉಮಾ ಬಾಗಿಲು ಹಿಡಿದು ನಿಂತಿದ್ದಳು. ಹತ್ತು ಎಂದರೆ ಹತ್ತಲಿಲ್ಲ.

"ನೀನು ಮೊದ್ಲು ಕೂತ್ಕೋ ಅಕ್ಕ. ಹೆತ್ತೋಳು ಮಗುನ ಕರ್ಕೊಂಡು ಮೊದ್ಲು ಕೂರ್ಲಿ ಅಂತ ಅತ್ತೆ ಹೇಳ್ ಕಳ್ಸಿದಾರೆ. ಆಮೇಲೆ ನಾನು."

"ನಾನ್ಯಾಕೆ ಬಿಡು."

"ನೀನಲ್ದೆ ಇನ್ಯಾರು?"

ಕಮಲ ಕೈಯನ್ನು ಸೆರಗಿಗೆ ಒರೆಸಿಕೊಂಡು ಹತ್ತಿದಳು. ಸೀಟು ಮೆತ್ತಗೆ ಅವಳನ್ನು ಒಳಕ್ಕೆ ತೆಗೆದುಕೊಂಡಿತು. ತಾನೇ ಹಾಕಿದ ಜೋಡಿ ಹೊಲಿಗೆ ಅಂಗೈಗೆ ಸಿಕ್ಕಿತು. ಅದರ ಅಡಿಯಿಂದ ಎಲ್ಲೋ ತಗಡು ಮುರುಟಿದಂತೆ ಒಂದು ಸಣ್ಣ ಸಪ್ಪಳ ಬಂತು. ಹೊರಗಿನವರಿಗೆ ಅದು ಕೇಳಿಸುವಂತಿರಲಿಲ್ಲ. ಅವಳು ಮೈಯ ಭಾರ ಬಿಡದೆ ಮುಂದಿನ ಸೀಟಿನ ಬೆನ್ನು ಹಿಡಿದು ಕೂತಳು.

"ಉಮಾ," ಎಂದಳು. "ಇವ್ರು ನಾಳೆ ಬಂದ್ಬಿಡ್ತಾರೆ. ಒಂದ್ಸಲ ಅವರನ್ನೂ ಕೇಳಿ..."

"ನೀವು ಹೇಳಿದ್ಮೇಲೆ ಅಣ್ಣಾವ್ರನ್ನ ಕೇಳೋದೇನು ಅತ್ತಿಗೆ," ಎಂದ ಕೊಟ್ರಪ್ಪ. "ಇವತ್ತು ತಪ್ಪಿದ್ರೆ ಇದೂ ಹೋಗತ್ತೆ." ಅವನು ಆಗಲೇ ಮುಂದಿನ ಬಾಗಿಲು ತೆಗೆದಿದ್ದ. ಡ್ರೈವರು ಗಾಜು ಒರೆಸುವುದನ್ನು ನಿಲ್ಲಿಸಿ ಸ್ಟಿಯರಿಂಗಿನ ಹಿಂದೆ ಬಂದು ಕೂತ.

ನಾಳೆ ಎಂಬ ಮಾತಿನಲ್ಲಿ ಇದ್ದ ಧೈರ್ಯವೆಲ್ಲ ಅಷ್ಟಕ್ಕೇ ಮುಗಿಯಿತು. ಕಮಲ ಪಕ್ಕಕ್ಕೆ ಸರಿದು ಮಗಳಿಗೆ ಜಾಗ ಮಾಡಿದಳು. ಬಾ ಎಂದು ಕೈ ಚಾಚಿದಳು.

ಪಂಕಜಾ ಬರಲಿಲ್ಲ. ಒಂದು ಕಾಲನ್ನು ಬಾಗಿಲಿನ ಮೆಟ್ಟಿಲ ಮೇಲೆ ಇಟ್ಟು, ಇನ್ನೊಂದನ್ನು ಮಣ್ಣಿನಲ್ಲೇ ಊರಿ ನಿಂತಿದ್ದಳು. ಹತ್ತಮ್ಮ, ಚಿಕ್ಕಮ್ಮನ ಕಾರು ಕಣೇ ಇದು, ಎಂದು ಉಮಾ ಅವಳ ಬೆನ್ನು ಸವರಿದಳು. ಹುಡುಗಿ ಚಿಕ್ಕಮ್ಮನನ್ನು ನೋಡಿದಳು, ಅವಳ ಹೊಟ್ಟೆಯನ್ನು ನೋಡಿದಳು, ತಾಯಿ ಕೂತಿದ್ದ ಸೀಟನ್ನು ನೋಡಿದಳು. ಇಷ್ಟು ದಿನ ಬಾಯಲ್ಲಿಟ್ಟುಕೊಂಡಿದ್ದನ್ನು ಈಗ ಕೇಳಿದರೆ ಅಮ್ಮ ಬೈಯುತ್ತಾಳೋ ಏನೋ ಎಂಬ ಅಂಜಿಕೆ ಅವಳ ಮುಖದಲ್ಲಿತ್ತು. ಆದರೂ ಕೇಳಿದಳು. ದನಿ ಜೋರಾಗಿರಲಿಲ್ಲ, ಎಲ್ಲರಿಗೂ ಕೇಳಿಸಿತು.

"ಅಮ್ಮಾ, ನಾವೇ ಕಾರು ತಗೊಳ್ಳೋದಾಗಿದ್ರೆ, ನೀನು ನಂಗೆ ಇದನ್ನೇ ತಗೋತಿದ್ಯಾ?"

ಉಮಾ ನಗುತ್ತಲೇ, ಅಕ್ಕ ಏನು ಹೇಳುತ್ತಾಳೋ ಎಂದು ಕಾರಿನೊಳಕ್ಕೆ ಬಗ್ಗಿ ನೋಡಿದಳು.